ತಹಶೀಲ್ದಾರರ ನೋಟಿಸಿನಲ್ಲಿರುವ ‘ವಿಚಾರಣೆ’ ಎಂದರೇನು?

ಪ್ರಶ್ನೆ: ನಮ್ಮ ತಂದೆಯವರು ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗೆ ಅರ್ಜಿ ಹಾಕಿದ್ದೆವು. ಚಿಕ್ಕಪ್ಪನವರು ಅದಕ್ಕೆ ತಕರಾರು ಸಲ್ಲಿಸಿದ್ದಾರೆ. ಈಗ ತಾಲ್ಲೂಕು ಕಚೇರಿಯಿಂದ ತಾಯಿಯವರ ಹೆಸರಿಗೆ, ‘ವಿಚಾರಣೆಗೆ ತಪ್ಪದೆ ಹಾಜರಾಗತಕ್ಕದ್ದು’ ಎಂಬ ನೋಟಿಸ್ ಬಂದಿದೆ. ‘ನಾನೇನು ತಪ್ಪು ಮಾಡಿದೆ ಅಂತ ನನ್ನ ವಿಚಾರಣೆ ಮಾಡುತ್ತಾರೆ?’ ಎಂದು ಅವರು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಬಸ್ ನಿಲ್ದಾಣದ ಫಲಕದಲ್ಲೂ ‘ವಿಚಾರಣೆ’ ಎಂದೇ ಇರುತ್ತದೆ, ಕೊಲೆ ಆರೋಪಿಯ ಸುದ್ದಿಯಲ್ಲೂ ಅದೇ ಪದ. ನಾನು ಪ್ರೌಢಶಾಲೆಯ ಶಿಕ್ಷಕಿ. ತರಬೇತಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ ‘ಇನ್‌ಕ್ವೈರಿ’ ಎಂಬ ಮಾತಿಗೆ ಏನು ಬರೆಯಬೇಕೆಂದು ಅಲ್ಲಿಯೂ ತೊಡಕಾಗಿದೆ. ಈ ಪದದ ಸರಿಯಾದ ಅರ್ಥ ಮತ್ತು ಬಳಕೆಯನ್ನು ತಿಳಿಸಿಕೊಡಿ.

ಉತ್ತರ: ಮೊದಲು ತಾಯಿಯವರಿಗೆ ಈ ಮಾತನ್ನು ತಿಳಿಸಿ: ಅವರ ಮೇಲೆ ಯಾವ ಆಪಾದನೆಯೂ ಇಲ್ಲ. ನೋಟಿಸಿನಲ್ಲಿರುವ ‘ವಿಚಾರಣೆ’ ಎಂಬುದಕ್ಕೆ, ತಕರಾರಿನ ಬಗ್ಗೆ ತೀರ್ಮಾನ ಕೈಗೊಳ್ಳುವ ಮುನ್ನ ನಿಮ್ಮ ಕಡೆಯ ಮಾತನ್ನೂ ಕೇಳಬೇಕಾಗಿದೆ ಎಂಬುದಷ್ಟೇ ಅರ್ಥ. ಅವರನ್ನು ಕರೆದಿರುವುದು ತಪ್ಪಿತಸ್ಥರೆಂದಲ್ಲ, ಹಕ್ಕುದಾರರೆಂದು. ಕರೆಯದೆಯೇ ಆದೇಶ ಹೊರಡಿಸಿದ್ದರೆ ಆಗ ನಿಜವಾಗಿಯೂ ಚಿಂತಿಸಬೇಕಾಗುತ್ತಿತ್ತು. ಕಚೇರಿ ಮತ್ತು ನ್ಯಾಯಾಲಯದ ಕಾಗದಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಅನೇಕ ವರ್ಷ ಕಳೆದಿರುವ ನನಗೆ, ಈ ಒಂದು ಪದದಷ್ಟು ಜನರನ್ನು ಅಕಾರಣವಾಗಿ ಹೆದರಿಸಿದ ಇನ್ನೊಂದು ಪದ ಕಂಡಿಲ್ಲ. ತಪ್ಪು ಪದದ್ದಲ್ಲ, ನಾಲ್ಕೈದು ಬೇರೆ ಬೇರೆ ಕೆಲಸಗಳನ್ನು ನಾವು ಅದೊಂದರ ಹೆಗಲ ಮೇಲೆಯೇ ಹೊರಿಸಿದ್ದೇವೆ.

ಪದದ ಮೂಲವನ್ನು ನೋಡಿದರೆ ಅಲ್ಲಿ ಭಯಪಡುವಂಥದ್ದು ಏನೂ ಇಲ್ಲ. ಸಂಸ್ಕೃತದ ‘ಚರ್’ ಧಾತುವಿಗೆ ನಡೆ, ಸಂಚರಿಸು ಎಂಬ ಅರ್ಥವಿದೆ. ಆಚಾರ, ಸಂಚಾರ, ಪ್ರಚಾರ, ಉಪಚಾರ ಇವೆಲ್ಲ ಅದೇ ಧಾತುವಿನ ಮಕ್ಕಳು. ಅದಕ್ಕೆ ‘ವಿ’ ಸೇರಿದಾಗ ಮನಸ್ಸು ಒಂದು ವಿಷಯದ ಸುತ್ತ ಎಲ್ಲ ದಿಕ್ಕಿನಿಂದಲೂ ಓಡಾಡಿ ನೋಡುವುದು ಎಂಬ ಅರ್ಥ ಹುಟ್ಟಿತು. ಅದೇ ‘ವಿಚಾರ’, ಹಾಗೆ ಮಾಡುವ ಕ್ರಿಯೆ ‘ವಿಚಾರಣೆ’. ಧಾರವಾಡದ ಕಡೆಯವರು ‘ವಿಚಾರ ಮಾಡಿ ಹೇಳ್ತೇನ್ರಿ’ ಎಂದಾಗ ಯೋಚಿಸಿ ಹೇಳುತ್ತೇನೆ ಎಂದೇ ಅವರ ಭಾವ. ಮೈಸೂರಿನ ಕಡೆ ‘ಏನು ವಿಚಾರ?’ ಎಂದರೆ ಬಂದ ಕಾರಣ ಕೇಳಿದಂತೆ. ಕನ್ನಡಿಗರು ಇದರಿಂದ ‘ವಿಚಾರಿಸು’ ಎಂಬ ಕ್ರಿಯಾಪದವನ್ನು ಮಾಡಿಕೊಂಡು ಅದಕ್ಕೆ ಮನೆಯೊಳಗೇ ಜಾಗ ಕೊಟ್ಟರು. ಯೋಗಕ್ಷೇಮ ವಿಚಾರಿಸುತ್ತೇವೆ, ಕಷ್ಟಸುಖ ವಿಚಾರಿಸುತ್ತೇವೆ, ಸಂಬಂಧ ಬೆಳೆಸುವ ಮುನ್ನ ಗಂಡಿನ ಮನೆಯ ಬಗ್ಗೆ ನಾಲ್ಕು ಜನರಲ್ಲಿ ವಿಚಾರಿಸುತ್ತೇವೆ. ಮದುವೆಗೆ ಬಂದವರು ಹಿಂದಿರುಗುವಾಗ ‘ಬೀಗರು ಚೆನ್ನಾಗಿ ವಿಚಾರಿಸಿಕೊಂಡರು’ ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ವೃದ್ಧಾಪ್ಯದಲ್ಲಿ ‘ವಿಚಾರಿಸುವವರು ಯಾರೂ ಇಲ್ಲ’ ಎನ್ನುವುದಕ್ಕಿಂತ ನೋವಿನ ಮಾತೂ ಇಲ್ಲ. ಆದರೆ ಅದೇ ‘ವಿಚಾರಿಸಿಕೊ’ ಎಂಬುದು, ‘ಅವನನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ’ ಎಂದು ಹಲ್ಲು ಕಚ್ಚಿ ಹೇಳಿದಾಗ ಬೆದರಿಕೆಯಾಗುತ್ತದೆ. ಅಕ್ಕರೆ ಮತ್ತು ಅಧಿಕಾರ ಎರಡನ್ನೂ ಒಂದೇ ಕ್ರಿಯಾಪದ ಹೊತ್ತಿರುವುದರಿಂದ, ಯಾರು, ಯಾವ ಸ್ಥಾನದಿಂದ ಆ ಮಾತನ್ನು ಆಡಿದರು ಎಂಬುದನ್ನು ನೋಡಿಯೇ ನಾವು ಅದರ ಅರ್ಥವನ್ನು ನಿಶ್ಚಯಿಸುತ್ತೇವೆ. ತಾಯಿಯವರಿಗೆ ನೋಟಿಸ್ ಬಂದದ್ದು ಸರ್ಕಾರಿ ಮೊಹರಿನೊಂದಿಗೆ. ಹಾಗಾಗಿ ಅವರ ಕಿವಿಗೆ ಎರಡನೆಯ ಅರ್ಥವೇ ಕೇಳಿಸಿತು.

ನೆರೆಯ ಭಾಷೆಗಳಲ್ಲಿ ಈ ಪದ ಹಿಡಿದ ದಾರಿಯನ್ನು ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ತೆಲುಗಿನಲ್ಲಿ ‘ವಿಚಾರಂ’ ಎಂದರೆ ದುಃಖ. ಆದರೆ ಅಲ್ಲಿನ ಕ್ಯಾಥೊಲಿಕ್ ಕ್ರೈಸ್ತರು ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಭಕ್ತ ಸಮುದಾಯವನ್ನು ‘ವಿಚಾರಣ’ ಎಂದೂ ಅದರ ಪಾದ್ರಿಗಳನ್ನು ‘ವಿಚಾರಣ ಗುರುವು’ ಎಂದೂ ಕರೆಯುತ್ತಾರೆ, ಅಂದರೆ ಜನರ ಬೇಕುಬೇಡಗಳನ್ನು ನೋಡಿಕೊಳ್ಳುವವರು ಎಂದು. ಮಲಯಾಳದಲ್ಲಿ ‘ವಿಚಾರಣ’ ನ್ಯಾಯಾಲಯದಲ್ಲಿ ನಡೆಯುವ ಮೊಕದ್ದಮೆಗೆ ಮೀಸಲಾಗಿ, ಕೇಳಿ ತಿಳಿಯುವ ಉಳಿದ ಕೆಲಸಗಳಿಗೆಲ್ಲ ‘ಅನ್ವೇಷಣಂ’ ಬಳಕೆಯಾಗುತ್ತದೆ. ಹಿಂದಿಯ ಕಾನೂನು ಭಾಷೆಯಲ್ಲಿ ಪೊಲೀಸರ ಕೆಲಸ ‘ಅನ್ವೇಷಣ್’, ಮ್ಯಾಜಿಸ್ಟ್ರೇಟರು ಕೇಳಿ ತಿಳಿಯುವುದು ‘ಜಾಂಚ್’, ಮೊಕದ್ದಮೆ ನಡೆಸುವುದು ‘ವಿಚಾರಣ್’. ಮರಾಠಿಯ ‘ಚೌಕಶಿ’ ಬೆಳಗಾವಿ, ಧಾರವಾಡದ ಕಡೆಯ ಕನ್ನಡದಲ್ಲಿ ಇಂದಿಗೂ ವಿಚಾರಿಸಿ ತಿಳಿಯುವುದು ಎಂಬ ಅರ್ಥದಲ್ಲಿ ಕೇಳಿಬರುತ್ತದೆ. ದಕ್ಷಿಣಕ್ಕೆ ಬಂದರೆ ಅದೇ ‘ಚೌಕಾಸಿ’ಯಾಗಿ ಬೆಲೆ ಇಳಿಸುವ ಮಾತಾಗಿದೆ. ಒಂದೇ ಬಗೆಯ ಪದಗಳನ್ನು ಪ್ರತಿ ಭಾಷೆಯೂ ಬೇರೆ ಬೇರೆಯಾಗಿ ಹಂಚಿಕೊಂಡಿರುವುದರಿಂದ, ಹಿಂದಿಯಿಂದ ಅನುವಾದಿಸುವವರು ಪೊಲೀಸರ ಕೆಲಸಕ್ಕೆ ‘ಅನ್ವೇಷಣೆ’ ಎಂದು ಬರೆದಾಗ ಕನ್ನಡದ ಓದುಗನಿಗೆ ಹೊಸ ಖಂಡವನ್ನೋ ಗ್ರಹವನ್ನೋ ಹುಡುಕಲು ಹೊರಟವರು ನೆನಪಾಗುತ್ತಾರೆ.

ಇಂಗ್ಲಿಷಿನ ‘ಇನ್‌ಕ್ವೈರಿ’ಯ ಬೇರು ‘ಹುಡುಕು, ಅರಸು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದದಲ್ಲಿದೆ. ‘ಕ್ವೆಶ್ಚನ್’, ‘ಇನ್‌ಕ್ವೆಸ್ಟ್’ ಎಂಬವೂ ಅದೇ ಬೇರಿನವು. ಅದನ್ನು ‘ಇ’ಯಿಂದ ಬರೆದರೆ ಸಾಮಾನ್ಯವಾದ ಕೇಳಿಕೆ, ‘ಐ’ಯಿಂದ ಬರೆದರೆ ಔಪಚಾರಿಕ ವಿಚಾರಣೆ ಎಂಬ ಭೇದವನ್ನು ಬ್ರಿಟನ್ನಿನ ಕೆಲವರು ಪಾಲಿಸುತ್ತಾರೆ. ನಮ್ಮ ಸರ್ಕಾರಿ ಕಾಗದಗಳಲ್ಲಿ ಈ ಭೇದ ಉಳಿದಿಲ್ಲ, ಎರಡೂ ಕಾಗುಣಿತಗಳು ಒಂದೇ ಅರ್ಥದಲ್ಲಿ ಬರುತ್ತವೆ. ಆದ್ದರಿಂದ ಮೂಲ ಇಂಗ್ಲಿಷ್ ನೋಟಿಸಿನ ಕಾಗುಣಿತವನ್ನು ನೋಡಿ ಅದರ ಗಾಂಭೀರ್ಯವನ್ನು ಅಳೆಯಲು ಹೋಗಬೇಡಿ.

ಇನ್ನು ಕಾನೂನಿನ ಬಳಕೆಗೆ ಬರೋಣ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿಯೂ, ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದಕ್ಕೆ ಸ್ಪಷ್ಟವಾದ ವ್ಯಾಖ್ಯೆ ಇದೆ. ಸಂಹಿತೆಯ ಅನುಸಾರ ಮ್ಯಾಜಿಸ್ಟ್ರೇಟರು ಅಥವಾ ನ್ಯಾಯಾಲಯವು ನಡೆಸುವ, ಮೊಕದ್ದಮೆಯ ವಿಚಾರಣೆ (‘ಟ್ರಯಲ್’) ಅಲ್ಲದ ಪ್ರತಿಯೊಂದು ವಿಚಾರಣೆಯೂ ‘ಇನ್‌ಕ್ವೈರಿ’. ಸಾಕ್ಷ್ಯ ಸಂಗ್ರಹಕ್ಕಾಗಿ ಪೊಲೀಸರು, ಇಲ್ಲವೆ ಮ್ಯಾಜಿಸ್ಟ್ರೇಟರಿಂದ ಅಧಿಕಾರ ಪಡೆದ, ಆದರೆ ಸ್ವತಃ ಮ್ಯಾಜಿಸ್ಟ್ರೇಟರಲ್ಲದ ವ್ಯಕ್ತಿ ನಡೆಸುವುದು ‘ತನಿಖೆ’. ಅಂದರೆ ಕೆಲಸ ಏನು ಎನ್ನುವುದಕ್ಕಿಂತ ಅದನ್ನು ಮಾಡುವವರು ಯಾರು ಎನ್ನುವುದೇ ಇಲ್ಲಿ ಮುಖ್ಯ. ಖಾಸಗಿ ದೂರು ಬಂದಾಗ ಆರೋಪಿಗೆ ಸಮನ್ಸ್ ಕಳುಹಿಸುವ ಮುನ್ನ ಮ್ಯಾಜಿಸ್ಟ್ರೇಟರು ಬೇಕೆನಿಸಿದರೆ ತಾವೇ ವಿಚಾರಣೆ ನಡೆಸಬಹುದು, ಇಲ್ಲವೆ ಪೊಲೀಸರಿಂದ ತನಿಖೆ ಮಾಡಿಸಬಹುದು ಎಂದು ಸಂಹಿತೆ ಹೇಳುತ್ತದೆ; ಹಿಂದೆ 202ನೆಯ ಕಲಮಾಗಿದ್ದ ಇದು ಈಗ 225. ಒಂದೇ ವಾಕ್ಯದಲ್ಲಿ ಎರಡೂ ಪದಗಳು ಅಕ್ಕಪಕ್ಕ ನಿಂತಿರುವ ಈ ಕಲಮನ್ನು ಕನ್ನಡಕ್ಕೆ ತರುವಾಗ ಎರಡಕ್ಕೂ ‘ವಿಚಾರಣೆ’ ಎಂದು ಬರೆದರೆ ಕಲಮಿಗೆ ಅರ್ಥವೇ ಉಳಿಯುವುದಿಲ್ಲ. ಮೂರನೆಯ ಘಟ್ಟವಾದ ಮೊಕದ್ದಮೆಯ ವಿಚಾರಣೆಗೆ, ಅಂದರೆ ಇಂಗ್ಲಿಷಿನ ‘ಟ್ರಯಲ್’ಗೆ, ಸಂಹಿತೆಯಲ್ಲಿ ವ್ಯಾಖ್ಯೆ ಇಲ್ಲ, ಕನ್ನಡದಲ್ಲಿಯೂ ಅದಕ್ಕೆ ಬೇರೆ ಪದ ಬಳಕೆಗೆ ಬಂದಿಲ್ಲ. ‘ವಿಚಾರಣಾ ನ್ಯಾಯಾಲಯ’, ‘ವಿಚಾರಣಾಧೀನ ಕೈದಿ’ ಎಂಬಲ್ಲೆಲ್ಲ ಇರುವುದು ಈ ಮೂರನೆಯ ಅರ್ಥ. ‘ವಿಚಾರಣೆಯನ್ನು ಮುಂದಿನ ವಾರಕ್ಕೆ ಮುಂದೂಡಲಾಗಿದೆ’ ಎಂಬಲ್ಲಿ ಮತ್ತೊಂದು ಅರ್ಥ: ಅಂದಿನ ದಿನ ನ್ಯಾಯಾಧೀಶರು ವಾದ ಆಲಿಸುವುದು. ಅದಕ್ಕೆ ‘ಆಲಿಕೆ’ ಎಂಬ ಅಚ್ಚುಕಟ್ಟಾದ ಪದ ನಮ್ಮಲ್ಲಿದೆ. ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮುನ್ನ ನಡೆಯುವ ‘ಸಾರ್ವಜನಿಕ ಆಲಿಕೆ’ಯಲ್ಲಿ ಅದು ಚಲಾವಣೆಯಲ್ಲಿಯೂ ಇದೆ, ನ್ಯಾಯಾಲಯದ ವರದಿಗಳಿಗೆ ಅದನ್ನು ಏಕೆ ತರಬಾರದು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಪೊಲೀಸ್ ಠಾಣೆಯ ‘ವಿಚಾರಣೆ’ ಇವೆಲ್ಲದಕ್ಕಿಂತ ಬೇರೆ, ನಿಮ್ಮ ತಾಯಿಯವರು ಊಹಿಸಿಕೊಂಡದ್ದು ಇದನ್ನೇ ಎಂದು ಕಾಣುತ್ತದೆ. ‘ವಶಕ್ಕೆ ಪಡೆದು ವಿಚಾರಣೆಗೆ ಒಳಪಡಿಸಿದ್ದಾರೆ’ ಎಂದು ಪತ್ರಿಕೆಯಲ್ಲಿ ಬರುವುದು ವ್ಯಾಖ್ಯೆಯ ಪ್ರಕಾರ ತನಿಖೆಯ ಒಂದು ಭಾಗ, ಪ್ರಶ್ನಿಸುವುದು. ಅಲ್ಲಿಯೂ ಕರೆಯಲಾದವರೆಲ್ಲ ಆರೋಪಿಗಳಲ್ಲ, ಸಾಕ್ಷಿಗಳನ್ನೂ ಕರೆಯುತ್ತಾರೆ. ಸಾಕ್ಷಿಯಾಗಿ ಕರೆಯುವಾಗ ಮಹಿಳೆಯರನ್ನು, 15 ವರ್ಷದೊಳಗಿನ ಹುಡುಗರನ್ನು ಮತ್ತು 60 ವರ್ಷ ಮೀರಿದ ಪುರುಷರನ್ನು ಅವರು ವಾಸಿಸುವ ಸ್ಥಳ ಬಿಟ್ಟು ಬೇರೆಡೆಗೆ ಬರುವಂತೆ ಒತ್ತಾಯಿಸುವಂತಿಲ್ಲ ಎಂದು ಹೊಸ ಸಂಹಿತೆಯ 179ನೆಯ ಕಲಮು ಹೇಳುತ್ತದೆ. ಇದರ ಜೊತೆಗೆ ‘ಪ್ರಾಥಮಿಕ ವಿಚಾರಣೆ’ ಎಂಬ ಇನ್ನೊಂದು ಹಂತವಿದೆ. ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ನಡೆದಿರುವುದು ದೂರಿನಿಂದಲೇ ಕಾಣುತ್ತಿದ್ದರೆ ಎಫ್‌ಐಆರ್ ದಾಖಲಿಸಲೇಬೇಕು, ಕೆಲವು ಬಗೆಯ ಪ್ರಕರಣಗಳಲ್ಲಿ ಮಾತ್ರ ಅದಕ್ಕೆ ಮುನ್ನ ಪ್ರಾಥಮಿಕ ವಿಚಾರಣೆ ಮಾಡಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ತೀರ್ಪು ನೀಡಿತು. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು 14 ದಿನಗಳಲ್ಲಿ ಅದನ್ನು ಮುಗಿಸಲು ಹೊಸ ಸಂಹಿತೆ ಅವಕಾಶ ಕೊಟ್ಟಿದೆ. ದೂರು ಕೊಟ್ಟವರಿಗೆ ‘ವಿಚಾರಣೆ ನಡೆಯುತ್ತಿದೆ’ ಎಂದು ಠಾಣೆಯಲ್ಲಿ ಹೇಳಿದರೆ, ಎಫ್‌ಐಆರ್ ಆಗಿದೆಯೇ ಅಥವಾ ಇನ್ನೂ ಈ ಹಂತದಲ್ಲಿದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಎರಡಕ್ಕೂ ಬಹಳ ಅಂತರವಿದೆ.

ಸರ್ಕಾರಿ ನೌಕರರ ಬದುಕಿನಲ್ಲಿ ಈ ಪದಕ್ಕೆ ಎಲ್ಲಕ್ಕಿಂತ ಹೆಚ್ಚಿನ ತೂಕವಿರುವುದು ‘ಇಲಾಖಾ ವಿಚಾರಣೆ’ಯಲ್ಲಿ. ಅದರ ಬೇರು ಸಂವಿಧಾನದ 311ನೆಯ ವಿಧಿಯಲ್ಲಿದೆ. ಆಪಾದನೆಗಳನ್ನು ತಿಳಿಸಿ, ಅವುಗಳ ಬಗ್ಗೆ ತನ್ನ ಮಾತನ್ನು ಹೇಳಿಕೊಳ್ಳಲು ಯುಕ್ತ ಅವಕಾಶ ಕೊಟ್ಟು ವಿಚಾರಣೆ ನಡೆಸಿದ ಹೊರತು ಯಾವ ನೌಕರನನ್ನೂ ವಜಾ ಮಾಡುವಂತಿಲ್ಲ, ಸೇವೆಯಿಂದ ತೆಗೆಯುವಂತಿಲ್ಲ, ಹುದ್ದೆಯಿಂದ ಕೆಳಗಿಳಿಸುವಂತಿಲ್ಲ ಎಂಬುದು ಅದರ ಸಾರ. ಇದಕ್ಕೆ ವಿಧಿಯಲ್ಲಿಯೇ ಕೆಲವು ಅಪವಾದಗಳಿವೆ. ನಮ್ಮ ರಾಜ್ಯದಲ್ಲಿ ಇದರ ಕ್ರಮವನ್ನು 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು ಗೊತ್ತುಪಡಿಸಿವೆ. ದೋಷಾರೋಪಣ ಪಟ್ಟಿ, ಅದಕ್ಕೆ ಲಿಖಿತ ಉತ್ತರ, ವಿಚಾರಣಾಧಿಕಾರಿಯ ನೇಮಕ, ಇಲಾಖೆಯ ಪರವಾಗಿ ಮಂಡನಾಧಿಕಾರಿ, ಸಾಕ್ಷಿಗಳ ಹೇಳಿಕೆ, ಪಾಟೀಸವಾಲು (ಎದುರು ಕಡೆಯವರು ಸಾಕ್ಷಿಯನ್ನು ಪ್ರಶ್ನಿಸುವುದು), ಕೊನೆಗೆ ವರದಿ, ಹೀಗೆ ಅದು ಚಿಕ್ಕದೊಂದು ನ್ಯಾಯಾಲಯದಂತೆಯೇ ನಡೆಯುತ್ತದೆ. ಲೋಕಾಯುಕ್ತಕ್ಕೆ ವಹಿಸಿದ ಪ್ರಕರಣಗಳಲ್ಲಿ ವಿಚಾರಣೆ ನಡೆಸುವುದಕ್ಕೆಂದೇ ಅಲ್ಲಿ ಅಪರ ನಿಬಂಧಕರ ಹುದ್ದೆಗಳಿವೆ. ದೋಷಾರೋಪಣ ಪಟ್ಟಿ ಕೊಡುವ ಮುನ್ನ, ಮೇಲ್ನೋಟಕ್ಕೆ ಹುರುಳಿದೆಯೇ ಎಂದು ನೋಡಲು ಇಲಾಖೆ ಮಾಡಿಕೊಳ್ಳುವ ಪ್ರಾಥಮಿಕ ವಿಚಾರಣೆಯನ್ನೂ ಈ ವಿಧಿವತ್ತಾದ ವಿಚಾರಣೆಯನ್ನೂ ಒಂದೆಂದು ಎಣಿಸಬಾರದು. ಮೊದಲನೆಯದರ ಆಧಾರದ ಮೇಲೆಯೇ ದಂಡನೆ ವಿಧಿಸುವಂತಿಲ್ಲ.

ಇಲ್ಲಿ ಕೋಲಾರ ಚಿನ್ನದ ಗಣಿಯ ಒಂದು ಪ್ರಕರಣವನ್ನು ಹೇಳಲೇಬೇಕು. ‘ವಿಚಾರಣೆ’ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ 1985ರಲ್ಲಿ ಪೊಲೀಸರು ದಾಳಿ ಮಾಡಿ, ಚಿನ್ನದ ಸಣ್ಣ ಉಂಡೆ ಮತ್ತು ಚಿನ್ನದ ಅಂಶವಿದ್ದ ಮರಳು ಸಿಕ್ಕಿತೆಂದು ಮೊಕದ್ದಮೆ ಹೂಡಿದರು. ಸಂಸ್ಥೆ ಅವರನ್ನು ಅಮಾನತುಗೊಳಿಸಿ ಇಲಾಖಾ ವಿಚಾರಣೆಯನ್ನೂ ಆರಂಭಿಸಿತು. ಅಮಾನತಿನ ಅವಧಿಯ ಜೀವನಾಧಾರ ಭತ್ಯೆಯನ್ನು ಮಾತ್ರ ಕೊಡಲಿಲ್ಲ. ಕೇರಳದ ತಮ್ಮ ಮನೆಯಿಂದ ಕೋಲಾರಕ್ಕೆ ಪ್ರಯಾಣ ಮಾಡಲು ಕೈಯಲ್ಲಿ ಹಣವಿಲ್ಲದೆ ಅವರು ಹಾಜರಾಗಲಾಗಲಿಲ್ಲ. ವಿಚಾರಣೆ ಏಕಪಕ್ಷೀಯವಾಗಿ ನಡೆದು 1986ರಲ್ಲಿ ವಜಾ ಆದೇಶ ಬಂತು. ಮರುವರ್ಷ ಕ್ರಿಮಿನಲ್ ನ್ಯಾಯಾಲಯ, ದಾಳಿ ಮತ್ತು ವಶಪಡಿಸಿಕೊಂಡದ್ದೇ ರುಜುವಾತಾಗಿಲ್ಲ ಎಂದು ಅವರನ್ನು ಬಿಡುಗಡೆ ಮಾಡಿತು. ಹೋರಾಟ ಸುಪ್ರೀಂ ಕೋರ್ಟಿನವರೆಗೆ ನಡೆದು 1999ರಲ್ಲಿ ಅವರಿಗೆ ನ್ಯಾಯ ಸಿಕ್ಕಿತು. ಮರುನೇಮಕವೂ ಹಿಂಬಾಕಿ ವೇತನವೂ ದೊರೆಯಬೇಕೆಂದು ನ್ಯಾಯಾಲಯ ಹೇಳಿತು. ಇಲಾಖಾ ವಿಚಾರಣೆ ಮತ್ತು ಕ್ರಿಮಿನಲ್ ಮೊಕದ್ದಮೆ ಏಕಕಾಲದಲ್ಲಿ ನಡೆಯಬಹುದೇ ಎಂಬ ವಿಷಯಕ್ಕಾಗಿ ವಕೀಲರು ಈ ತೀರ್ಪನ್ನು ಇಂದಿಗೂ ಉಲ್ಲೇಖಿಸುತ್ತಾರೆ. ನನ್ನ ಮನಸ್ಸಿನಲ್ಲಿ ನಿಂತಿರುವುದು ಇನ್ನೊಂದು ಅಂಶ: ಊಟಕ್ಕೂ ಬಸ್ ಚಾರ್ಜಿಗೂ ದಾರಿಯಿಲ್ಲದಂತೆ ಮಾಡಿ, ‘ಬಾ, ನಿನ್ನ ಮಾತು ಕೇಳುತ್ತೇವೆ’ ಎನ್ನುವುದು ವಿಚಾರಣೆಯಲ್ಲ ಎಂದು ನ್ಯಾಯಾಲಯ ಕಂಡುಕೊಂಡಿತು. ಕಡತದಲ್ಲಿ ನೋಟಿಸ್ ಇತ್ತು, ದಿನಾಂಕವಿತ್ತು, ವಿಚಾರಣಾಧಿಕಾರಿಯ ವರದಿಯಿತ್ತು. ಕೇಳಿಸಿಕೊಳ್ಳುವುದು ಮಾತ್ರ ನಡೆದಿರಲಿಲ್ಲ. ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನು ನೌಕರನಿಗೆ ಕೊಟ್ಟು ಅದರ ಬಗ್ಗೆ ಅವನ ಹೇಳಿಕೆ ಪಡೆದ ಮೇಲೆಯೇ ಶಿಸ್ತು ಪ್ರಾಧಿಕಾರಿ ತೀರ್ಮಾನಿಸಬೇಕು ಎಂದು 1993ರಲ್ಲಿ ಸಂವಿಧಾನ ಪೀಠ ಹೇಳಿದ್ದರ ಹಿಂದೆಯೂ ಇದೇ ಕಾಳಜಿಯಿದೆ. ಖಾಸಗಿ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳದ ದೂರುಗಳನ್ನು ಕೇಳುವ ಆಂತರಿಕ ಸಮಿತಿಯ ವಿಚಾರಣೆಗೂ ಈ ಮಾತು ಅನ್ವಯಿಸುತ್ತದೆ; 2013ರ ಕಾಯ್ದೆ ಅದಕ್ಕೆ 90 ದಿನಗಳ ಗಡುವು ಹಾಕಿದೆ, ಆದರೆ ಗಡುವಿನ ಹೆಸರಿನಲ್ಲಿ ಇಬ್ಬರಲ್ಲಿ ಒಬ್ಬರ ಮಾತನ್ನೂ ಕೇಳದೆ ಬಿಡುವಂತಿಲ್ಲ.

ಆಯೋಗಗಳ ವಿಚಾರಣೆ ಇದಕ್ಕೆ ತಿರುವಾದದ್ದು. 1952ರ ವಿಚಾರಣಾ ಆಯೋಗಗಳ ಕಾಯ್ದೆಯ ಅಡಿ ನೇಮಕವಾಗುವ ಆಯೋಗಕ್ಕೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ, ಆದರೆ ಶಿಕ್ಷಿಸುವ ಅಧಿಕಾರವಿಲ್ಲ. ಅದರ ವರದಿ ಸಲಹೆಯೇ ಹೊರತು ತೀರ್ಪಲ್ಲ ಎಂದು 1958ರಲ್ಲಿ ದಾಲ್ಮಿಯಾ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಈ ಅರ್ಥವನ್ನು ಕುರಿತು ಕರ್ನಾಟಕವೇ ಒಂದು ದೊಡ್ಡ ವ್ಯಾಜ್ಯ ಹೂಡಿತ್ತೆಂಬುದು ಹಲವರಿಗೆ ನೆನಪಿರಲಾರದು. 1977ರ ಮೇ ತಿಂಗಳಿನಲ್ಲಿ ದೇವರಾಜ ಅರಸು ಅವರ ಸರ್ಕಾರ ತನ್ನ ಆಡಳಿತದ ಕುರಿತ ಆಪಾದನೆಗಳ ಬಗ್ಗೆ ತಾನೇ ಒಂದು ಆಯೋಗ ನೇಮಿಸಿತು. ಕೆಲವೇ ದಿನಗಳಲ್ಲಿ ಕೇಂದ್ರದ ಜನತಾ ಸರ್ಕಾರ ಮುಖ್ಯಮಂತ್ರಿ ಮತ್ತು ಕೆಲವು ಸಚಿವರ ವಿರುದ್ಧದ ಆಪಾದನೆಗಳಿಗೆ ನ್ಯಾಯಮೂರ್ತಿ ಎ. ಎನ್. ಗ್ರೋವರ್ ಅವರ ಆಯೋಗವನ್ನು ನೇಮಿಸಿತು. ರಾಜ್ಯದ ಸಚಿವರನ್ನು ಕೇಂದ್ರ ಹೀಗೆ ವಿಚಾರಣೆಗೆ ಗುರಿಪಡಿಸಿದರೆ ಒಕ್ಕೂಟ ವ್ಯವಸ್ಥೆಗೂ, ಶಾಸನಸಭೆಗೆ ಸಚಿವರು ಹೊಂದಿರುವ ಹೊಣೆಗಾರಿಕೆಗೂ ಧಕ್ಕೆಯಾಗುತ್ತದೆ ಎಂದು ರಾಜ್ಯ ನೇರವಾಗಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಏಳು ನ್ಯಾಯಮೂರ್ತಿಗಳ ಪೀಠ ಅದೇ ವರ್ಷ ಬಹುಮತದಿಂದ ದಾವೆಯನ್ನು ವಜಾ ಮಾಡಿತು. ಇಡೀ ವಾದ ಬಹುಮಟ್ಟಿಗೆ ‘ವಿಚಾರಣೆ’ ಎಂಬ ಪದದ ಮೇಲೆಯೇ ನಿಂತಿತ್ತು: ಅದು ಸತ್ಯಾಂಶ ತಿಳಿಯುವ ಕ್ರಿಯೆಯೋ, ಮೇಲಿನವರು ಕೆಳಗಿನವರನ್ನು ನಿಯಂತ್ರಿಸುವ ಕ್ರಿಯೆಯೋ? ನ್ಯಾಯಾಲಯ ಮೊದಲನೆಯ ಅರ್ಥವನ್ನು ಒಪ್ಪಿತು. ಆದರೂ ಆಯೋಗದ ಮುಂದೆ ಒಬ್ಬರ ಹೆಸರಿಗೆ ಮಸಿ ಬಳಿಯುವಂಥ ಅಂಶ ಬರುವ ಸಂಭವವಿದ್ದರೆ ಅವರಿಗೆ ನೋಟಿಸ್ ಕೊಟ್ಟು ಮಾತು ಕೇಳಬೇಕು, ಪಾಟೀಸವಾಲಿಗೆ ಅವಕಾಶ ಕೊಡಬೇಕು ಎಂದು ಕಾಯ್ದೆಯ 8ಬಿ ಮತ್ತು 8ಸಿ ಕಲಮುಗಳಲ್ಲಿದೆ. ಶಿಕ್ಷೆಯ ಅಧಿಕಾರವೇ ಇಲ್ಲದ ಕಡೆಯೂ ಕೇಳಿಸಿಕೊಳ್ಳುವ ಹೊಣೆಗೆ ವಿನಾಯಿತಿ ಇಲ್ಲ. ‘ನ್ಯಾಯಾಂಗ ವಿಚಾರಣೆಗೆ ಆದೇಶ’ ಎಂಬ ಸುದ್ದಿಯನ್ನು ಓದಿದವರು ಇನ್ನು ಶಿಕ್ಷೆಯಾಗುತ್ತದೆ ಎಂದು ಭಾವಿಸಿ, ವರದಿ ಬಂದ ಮೇಲೆ ಏನೂ ಆಗಲಿಲ್ಲವೆಂದು ನಿರಾಶರಾಗುವುದನ್ನು ನೋಡಿದ್ದೇನೆ. ವರದಿಯನ್ನು ಕ್ರಮದ ವಿವರದೊಂದಿಗೆ ಆರು ತಿಂಗಳೊಳಗೆ ಶಾಸನಸಭೆಯ ಮುಂದೆ ಇಡಬೇಕೆಂಬ ನಿಯಮವನ್ನು ಹಿಡಿದು ಪ್ರಶ್ನಿಸುವುದೇ ಅಲ್ಲಿ ನಾಗರಿಕರಿಗಿರುವ ದಾರಿ.

ನಿಮ್ಮ ತರಬೇತಿ ಕೈಪಿಡಿಯ ‘ಇನ್‌ಕ್ವೈರಿ’ ಈ ಯಾವುದೂ ಅಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲಿಕೆಯನ್ನು ಬಣ್ಣಿಸುವಾಗ ಬಳಸಿರುವ ಆ ಪದಕ್ಕೆ ‘ವಿಚಾರಣಾ ಆಧಾರಿತ ಕಲಿಕೆ’ ಎಂದು ಬರೆದರೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪ್ರಶ್ನಿಸುವ ಚಿತ್ರ ಮೂಡುತ್ತದೆ. ಅಲ್ಲಿ ಪ್ರಶ್ನೆ ಕೇಳುವವರು ಮಕ್ಕಳು. ಅದಕ್ಕೆ ನಮ್ಮ ಪರಂಪರೆಯಲ್ಲಿ ತಕ್ಕ ಪದ ‘ಜಿಜ್ಞಾಸೆ’. ‘ಜ್ಞಾ’ ಎಂಬ ಧಾತುವಿನಿಂದ ಬಂದ ಇಚ್ಛಾರೂಪವದು, ತಿಳಿಯಬೇಕೆಂಬ ಹಂಬಲ ಎಂದರ್ಥ. ಮೀಮಾಂಸಾ ದರ್ಶನದ ಜೈಮಿನಿಯ ಸೂತ್ರಗಳು ಧರ್ಮಜಿಜ್ಞಾಸೆಯಿಂದಲೂ ವೇದಾಂತ ದರ್ಶನದ ಬಾದರಾಯಣರ ಸೂತ್ರಗಳು ಬ್ರಹ್ಮಜಿಜ್ಞಾಸೆಯಿಂದಲೂ ಆರಂಭವಾಗುತ್ತವೆ. ಭಗವದ್ಗೀತೆ ನಾಲ್ಕನೆಯ ಅಧ್ಯಾಯದಲ್ಲಿ ಜ್ಞಾನಕ್ಕೆ ನಮಸ್ಕಾರ ಮತ್ತು ಸೇವೆಯ ನಡುವೆ ‘ಪರಿಪ್ರಶ್ನ’ವನ್ನು ಇಟ್ಟಿದೆ. ಇಂದಿನ ಆಡುಮಾತಿನಲ್ಲಿ ಜಿಜ್ಞಾಸೆಗೆ ‘ಗೊಂದಲ’ ಎಂಬ ಛಾಯೆ ಅಂಟಿಕೊಂಡಿರುವುದರಿಂದ ಪ್ರೌಢಶಾಲೆಯ ಕೈಪಿಡಿಗೆ ‘ಪ್ರಶ್ನಿಸಿ ಕಲಿಯುವುದು’ ಎಂಬ ಬಿಡುಮಾತೇ ಮೇಲು. ಶೀರ್ಷಿಕೆಗೆ ಒಂದೇ ಪದ ಬೇಕಾದರೆ ‘ಅನ್ವೇಷಣಾ ಕಲಿಕೆ’ ಎನ್ನಿ. ಪ್ರಯೋಗ, ಮಾಪನಗಳಿದ್ದ ಕಡೆ ‘ಶೋಧನೆ’ ಇನ್ನೂ ಚೆನ್ನ.

ಮೂಲಭೂತ ಕರ್ತವ್ಯಗಳನ್ನು ಹೇಳುವ ಸಂವಿಧಾನದ 51ಎ ವಿಧಿಯಲ್ಲಿಯೂ, ವೈಜ್ಞಾನಿಕ ಮನೋಭಾವದ ಜೊತೆಯಲ್ಲಿ ಇದೇ ಇಂಗ್ಲಿಷ್ ಪದವಿದೆ. ಅಲ್ಲಿಯೂ ಅದು ಜಿಜ್ಞಾಸೆಯೇ. ಆ ಕರ್ತವ್ಯವನ್ನು ಸೇರಿಸಿದ್ದು 1976ರ 42ನೆಯ ತಿದ್ದುಪಡಿ. ಅದೇ ತಿದ್ದುಪಡಿ 311ನೆಯ ವಿಧಿಯನ್ನೂ ಮುಟ್ಟಿ, ವಿಚಾರಣೆಯ ನಂತರ ದಂಡನೆಯ ಪ್ರಮಾಣದ ಬಗ್ಗೆ ಹೇಳಿಕೊಳ್ಳಲು ನೌಕರನಿಗಿದ್ದ ಎರಡನೆಯ ಅವಕಾಶವನ್ನು ತೆಗೆದುಹಾಕಿತು. ಒಂದೇ ತಿದ್ದುಪಡಿ ಪ್ರಶ್ನಿಸುವ ಗುಣವನ್ನು ಪ್ರಜೆಯ ಕರ್ತವ್ಯವೆಂದು ಸಾರಿ, ಉತ್ತರಿಸುವ ಒಂದು ಹಕ್ಕನ್ನು ನೌಕರನಿಂದ ಹಿಂದಕ್ಕೆ ಪಡೆದುದನ್ನು ಅನುವಾದಿಸುವಾಗ ನನ್ನ ಲೇಖನಿ ಸ್ವಲ್ಪ ಹೊತ್ತು ನಿಂತಿತ್ತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನು ರಚಿಸಿದರು. ಕರ್ನಾಟಕದಲ್ಲಿ ಜಿಜ್ಞಾಸೆಯೆಂಬ ಪದಕ್ಕೆ ಉದಾಹರಣೆ ಕೊಡಬೇಕಾದಾಗ ನಿಮ್ಮ ವಿದ್ಯಾರ್ಥಿಗಳಿಗೆ ಅವರ ಹೆಸರನ್ನು ಹೇಳಬಹುದು.

ಇನ್ನು ತಾಯಿಯವರ ನೋಟಿಸಿಗೆ ಮರಳುತ್ತೇನೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಪ್ರಕಾರ, ಮ್ಯುಟೇಶನ್ನಿಗೆ, ಅಂದರೆ ಖಾತೆ ಬದಲಾವಣೆಗೆ, ತಕರಾರು ಬಂದರೆ ಅದನ್ನು ತಕರಾರು ಪ್ರಕರಣಗಳ ರಿಜಿಸ್ಟರಿನಲ್ಲಿ ನಮೂದಿಸಿ, ಎರಡೂ ಕಡೆಯವರನ್ನು ಕೇಳಿ ಇತ್ಯರ್ಥಪಡಿಸಬೇಕು. ಅವರನ್ನು ಕರೆದಿರುವುದು ಇದಕ್ಕಾಗಿಯೇ. ನೋಟಿಸಿನಲ್ಲಿ ಪ್ರಕರಣದ ಸಂಖ್ಯೆ, ಯಾವ ಕಲಮಿನ ಅಡಿ, ಯಾವ ಅಧಿಕಾರಿಯ ಮುಂದೆ ಎಂಬುದನ್ನು ನೋಡಿಕೊಂಡು, ಚಿಕ್ಕಪ್ಪನವರ ತಕರಾರು ಅರ್ಜಿಯ ನಕಲನ್ನು ಮೊದಲೇ ಕೇಳಿ ಪಡೆಯಿರಿ. ಏನು ಕೇಳಲಿದ್ದಾರೆ ಎಂಬುದು ಅದರಲ್ಲಿಯೇ ಇರುತ್ತದೆ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಪಹಣಿ, ಹಿಂದೆ ವಿಭಾಗವಾಗಿದ್ದರೆ ಆ ಪತ್ರ ಜೊತೆಯಲ್ಲಿರಲಿ. ಅಂದು ಹೋಗಲಾಗದಿದ್ದರೆ ಲಿಖಿತವಾಗಿ ಕಾಲಾವಕಾಶ ಕೇಳಿ ಸ್ವೀಕೃತಿ ಪಡೆಯಿರಿ, ಸುಮ್ಮನಿದ್ದರೆ ಏಕಪಕ್ಷೀಯ ಆದೇಶವಾಗಬಹುದು. ಆದೇಶ ವಿರುದ್ಧವಾಗಿ ಬಂದರೂ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಇದೆ, ಅಲ್ಲಿಂದ ಮುಂದೆ ಜಿಲ್ಲಾಧಿಕಾರಿಗಳ ಮುಂದೆ ಪುನರೀಕ್ಷಣೆ ಇದೆ. ಜಮೀನು ಯಾರದು ಎಂಬ ಮೂಲ ಪ್ರಶ್ನೆಯನ್ನು ನಿರ್ಧರಿಸುವುದು ಸಿವಿಲ್ ನ್ಯಾಯಾಲಯವೇ ಹೊರತು ಪಹಣಿಯ ಕಾಲಂ ಅಲ್ಲ. ತಾಯಿಯವರ ಹೇಳಿಕೆಯನ್ನು ಗುಮಾಸ್ತರು ಬರೆದುಕೊಂಡ ಮೇಲೆ, ಅದನ್ನು ಪೂರ್ತಿಯಾಗಿ ಓದಿಸಿ ಕೇಳಿ, ತಾವು ಹೇಳಿದ್ದೇ ಬರೆದಿದೆಯೆಂದು ಖಚಿತವಾದ ನಂತರ ಸಹಿ ಹಾಕಲಿ, ಅಲ್ಲಿಯವರೆಗೆ ಬೇಡ.